ಟೊಮೇಟೊ ಸಸಿಗೆ ಮುಚ್ಚಳ ಎಲ್ಲಿವರೆಗೆ?

ಜುಲೈನಲ್ಲಿ ನಮ್ಮ ಹಾಸ್ಟೆಲ್ ರೂಮಿನ ಕಿಟಕಿ ಪಕ್ಕ 40 ಪೇಪರ್ ಕಪ್‌ಗಳು ಸಾಲಾಗಿ ಕೂತಿದ್ದವು. ಒಂದೊಂದರಲ್ಲೂ ಒಂದೊಂದು ಟೊಮೇಟೊ ಬೀಜ. ಬೀಜ ಕೊಟ್ಟಿದ್ದು ಚಿಂತಾಮಣಿ ಕಡೆಯ ಗೆಳೆಯನ ಅಪ್ಪ. ಹೊಲಕ್ಕೆ ತಂದ ಹೈಬ್ರಿಡ್ ಪೊಟ್ಟಣದಲ್ಲಿ ಉಳಿದಿದ್ದನ್ನು ಎಣಿಸಿ ಕೊಟ್ಟಿದ್ದರು. ತಾರಸಿ ಮೇಲೆ ಹತ್ತು ಗ್ರೋ ಬ್ಯಾಗ್ ಇಡೋದಕ್ಕೆ ವಾರ್ಡನ್ ಕೂಡ ಒಪ್ಪಿದ್ದರು, "ಒಂದು ಸಲ ನೋಡೋಣ" ಅಂತ.

ಆರನೇ ದಿನಕ್ಕೆ 37 ಮೊಳಕೆ. ಹತ್ತನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಮುಕ್ಕಾಲು ಪಾಲು ಮಲಗಿಬಿಟ್ಟಿದ್ದವು. ಎಲೆ ಹಸಿರಾಗೇ ಇತ್ತು, ಬುಡ ಮಾತ್ರ ದಾರದಷ್ಟು ಸಣ್ಣಗಾಗಿ ಕಂದಿತ್ತು. ಬಾಡಿದೆ ಅಂದುಕೊಂಡು ನಾವು ಇನ್ನಷ್ಟು ನೀರು ಹಾಕಿದೆವು. ಸಂಜೆಗೆ ಉಳಿದವೂ ಮಲಗಿದವು. ಗೆಳೆಯನ ಅಪ್ಪನಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಏನ್ರಪ್ಪಾ, ಮೊಳಕೆ ಬಂದ ಮೇಲೂ ಕವರ್ ಮುಚ್ಚೇ ಇಟ್ಟಿದ್ರಾ?"

ಇಟ್ಟಿದ್ದೆವು. ತಪ್ಪು ಅಲ್ಲೇ ಆಗಿದ್ದು.

ಬೀಜಕ್ಕೂ ಸಸಿಗೂ ತೇವದ ಲೆಕ್ಕ ಬೇರೆ ಬೇರೆ. ಬೀಜ ನೀರು ಹೀರಿ ಉಬ್ಬಿ ಬೇರು ಹೊರಗೆ ಚಾಚಿದ ಮೇಲೆ ಮಧ್ಯದಲ್ಲಿ ಒಣಗಿದರೆ ಸಾಮಾನ್ಯವಾಗಿ ಮುಗೀತು, ಮತ್ತೆ ನೀರು ಹಾಕಿದರೂ ಏಳೋದಿಲ್ಲ. ಹಾಗಾಗಿ ಮೊಳಕೆ ಬರೋವರೆಗೆ ಮುಚ್ಚಳ ಬೇಕೇ ಬೇಕು. ಕೋಲಾರ, ಚಿಂತಾಮಣಿ ಕಡೆಯ ನರ್ಸರಿಗಳಲ್ಲೂ 98 ಗುಳಿಯ ಟ್ರೇಗೆ ಕೊಕೊಪೀಟ್ ತುಂಬಿ ಬೀಜ ಹಾಕಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಆದರೆ ಮೂರ್ನಾಲ್ಕು ದಿನದಲ್ಲಿ ಮೊಳಕೆ ಇಣುಕಿತು ಅಂದರೆ ಹಾಳೆ ತೆಗೆದು, ಟ್ರೇಗಳನ್ನು ನೆರಳು ಪರದೆಯ ಕೆಳಗೆ ಬಿಡಿಬಿಡಿಯಾಗಿ ಹರಡುತ್ತಾರೆ. ನಾವು ಮೊದಲರ್ಧ ಮಾತ್ರ ಕಾಪಿ ಹೊಡೆದಿದ್ದೆವು.

ಸಸಿ ಹೀಗೆ ಬುಡದಲ್ಲಿ ಕೊಳೆತು ಬೀಳೋದಕ್ಕೆ ಸಸಿ ಸಾಯುವ ರೋಗ ಅಂತಾರೆ, ಇಂಗ್ಲಿಷಿನಲ್ಲಿ ಡ್ಯಾಂಪಿಂಗ್ ಆಫ್. ಇದನ್ನು ತರೋ ಜೀವಿಗಳಲ್ಲಿ ಮುಖ್ಯವಾದದ್ದು ಪೈಥಿಯಂ. ನೋಡೋಕೆ ಶಿಲೀಂಧ್ರದ ಹಾಗಿದ್ದರೂ ವಂಶದಲ್ಲಿ ಕಂದು ಪಾಚಿಗಳಿಗೆ ಹತ್ತಿರ. ಇದರ ಬೀಜಕಣಗಳಿಗೆ ಬಾಲ ಇದೆ, ನೀರಿನ ತೆಳು ಪದರದಲ್ಲಿ ಈಜಿಕೊಂಡು ಬೇರಿನವರೆಗೆ ಹೋಗುತ್ತವೆ. ನೀವು ಕಪ್ಪನ್ನು ಕೆರೆ ಮಾಡಿದರೆ ಅದಕ್ಕೆ ರಸ್ತೆ ಹಾಕಿಕೊಟ್ಟ ಹಾಗೆ. ಇತ್ತ ಬೇರಿಗೆ ಉಸಿರಾಡೋಕೆ ಆಮ್ಲಜನಕ ಬೇಕು, ಅದು ನೀರಿನಲ್ಲಿ ಹರಡೋ ವೇಗ ಗಾಳಿಯಲ್ಲಿ ಹರಡೋದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಉಸಿರುಗಟ್ಟಿದ ಬೇರು, ಈಜಿ ಬರೋ ಶತ್ರು, ಎರಡೂ ಒಟ್ಟಿಗೆ.

ಕಪ್ಪಿಗೆ ತೂತು ಮಾಡಿದ್ದೆವಲ್ಲ, ನೀರು ಸೋರಿ ಹೋಗಲಿಲ್ಲವಾ? ಇದಕ್ಕೆ ಮೆಸ್‌ನಲ್ಲಿ ಪಾತ್ರೆ ತೊಳೆಯೋ ಸ್ಪಾಂಜ್ ತಗೊಂಡು ಒಂದು ಪ್ರಯೋಗ ಮಾಡಿ. ಚೆನ್ನಾಗಿ ನೆನೆಸಿ ಅಂಗೈ ಮೇಲೆ ಅಡ್ಡ ಮಲಗಿಸಿ, ತೊಟ್ಟಿಕ್ಕೋದು ನಿಲ್ಲಲಿ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತೆ! ಸಣ್ಣ ರಂಧ್ರಗಳು ನೀರನ್ನು ಒಂದಿಷ್ಟು ಎತ್ತರದವರೆಗೆ ಗುರುತ್ವಕ್ಕೆ ಎದುರಾಗಿ ಹಿಡಿದಿಟ್ಟುಕೊಳ್ಳುತ್ತವೆ. ಆ ಎತ್ತರ ನಿರ್ಧಾರ ಆಗೋದು ರಂಧ್ರದ ಗಾತ್ರದಿಂದ, ಪಾತ್ರೆಯ ಆಳದಿಂದ ಅಲ್ಲ. ಹಾಗಾಗಿ ಆಳ ಕಡಿಮೆಯಿದ್ದ ನಮ್ಮ ಟೀ ಕಪ್‌ಗಳಲ್ಲಿ ಬೇರಿಗೆ ಸಿಕ್ಕ ಜಾಗದ ದೊಡ್ಡ ಪಾಲು ತೂತಿದ್ದರೂ ನೆನೆದೇ ಇತ್ತು. ತಳಕ್ಕೆ ಜಲ್ಲಿ ಹಾಕಿದರೆ ಸರಿಹೋಗುತ್ತೆ ಅಂತ ಸಿವಿಲ್‌ನವನೊಬ್ಬ ಸಲಹೆ ಕೊಟ್ಟ. ಆಗ ಆ ಒದ್ದೆ ಪದರ ಜಲ್ಲಿಯ ಮೇಲಕ್ಕೆ ಏರಿ ಕೂರುತ್ತೆ ಅಷ್ಟೇ, ಬೇರಿಗೆ ಇನ್ನೂ ಹತ್ತಿರ. ಒಂದೇ ಕಪ್ಪನ್ನು ಪೂರ್ತಿ ಒಂದೇ ಬಗೆಯ ಮಿಶ್ರಣದಿಂದ ತುಂಬಿ.

ಇನ್ನು ಗಾಳಿಯ ತೇವ. 25 ಡಿಗ್ರಿಯಲ್ಲಿ ಗಾಳಿ ಹಿಡಿಯಬಲ್ಲ ಆವಿಯ ಒತ್ತಡ 3.17 ಕಿಲೋಪ್ಯಾಸ್ಕಲ್. ಕವರ್ ಒಳಗೆ ತೇವಾಂಶ 95 ಶೇಕಡಾ ಇದ್ದರೆ ಕೊರತೆ ಬರೀ 0.16. ತೆರೆದ ರೂಮಿನಲ್ಲಿ 65 ಶೇಕಡಾ ಇದ್ದರೆ 1.1, ಅಂದರೆ ಸುಮಾರು ಏಳು ಪಟ್ಟು. ಎಲೆಯಿಂದ ನೀರು ಹೊರಗೆ ಹೋಗೋದಕ್ಕೆ ಈ ಕೊರತೆಯೇ ಎಳೆತ. ಎಳೆತ ಇಲ್ಲದಿದ್ದರೆ ಬೇರು ನೀರನ್ನು ಸರಿಯಾಗಿ ಮೇಲೆತ್ತೋದಿಲ್ಲ, ಕಪ್ಪಿನ ತೇವ ಹಾಗೇ ಉಳಿಯುತ್ತೆ. ಬೆಳಿಗ್ಗೆ ಎಲೆ ತುದಿಯಲ್ಲಿ ಮುತ್ತಿನ ಹಾಗೆ ಹನಿ ಕಂಡು ನಾವು ಫೋಟೋ ತೆಗೆದಿದ್ದೆವು. ಅದು ಇಬ್ಬನಿ ಅಂದುಕೊಂಡಿದ್ದೆವು. ಬೇರಿನ ಒತ್ತಡಕ್ಕೆ ಎಲೆಯಂಚಿನಿಂದ ನೀರು ಉಕ್ಕಿದ್ದು ಅದು, ಆವಿಯಾಗೋಕೆ ದಾರಿ ಸಿಗದೆ.

ರಾತ್ರಿ ಇನ್ನೂ ಕಷ್ಟ. 25 ಡಿಗ್ರಿ, 80 ಶೇಕಡಾ ಇರೋ ಗಾಳಿ ಸುಮಾರು 21 ಡಿಗ್ರಿಗೆ ತಣ್ಣಗಾದರೆ ಸಾಕು, ನೀರಾಗಿ ಕೂರುತ್ತೆ. ಬೆಂಗಳೂರಿನ ಮಳೆಗಾಲದ ರಾತ್ರಿಗೆ ಅಷ್ಟು ಇಳಿಯೋದು ಮಾಮೂಲು. ಸಂಜೆ ನೀರು ಹಾಕಬೇಡಿ ಅನ್ನೋದು ಇದಕ್ಕೇ. ಬೆಳಿಗ್ಗೆ ಹಾಕಿ.

ಎರಡನೇ ಸಲ ಬೀಜ ಕೇಳೋಕೆ ಮುಖ ಇರಲಿಲ್ಲ, ಆದರೂ ಕೇಳಿದೆವು. ಈ ಸಲ ಆಳದ ಕಪ್ಪು, ತಳದಲ್ಲಿ ನಾಲ್ಕು ತೂತು, ಎರಡು ಮೂರು ಸಲ ತೊಳೆದ ಕೊಕೊಪೀಟ್. ತುಂಬೋ ಮೊದಲು ಮುಷ್ಟಿಯಲ್ಲಿ ಹಿಂಡಿ ನೋಡಿದೆವು: ಎರಡು ಮೂರು ಹನಿ ಬಂದರೆ ಸರಿ, ಧಾರೆ ಬಂದರೆ ಜಾಸ್ತಿ. ಬೀಜ ಅರ್ಧ ಸೆಂಟಿಮೀಟರ್ ಆಳದಲ್ಲಿ. ಮೊದಲ ಮೊಳಕೆ ಬಾಗಿದ ಕುತ್ತಿಗೆ ಎತ್ತಿದ ದಿನ ಕವರ್ ಅರ್ಧ ಸರಿಸಿದೆವು, ಮರುದಿನ ಪೂರ್ತಿ ತೆಗೆದೆವು. ಹಿಂದುಳಿದ ಬೀಜಗಳಿಗಾಗಿ ಎದ್ದವನ್ನು ಕಾಯಿಸಬಾರದು, ಬೇಕಿದ್ದರೆ ಆ ಕಪ್ಪುಗಳನ್ನು ಮಾತ್ರ ಬೇರೆ ಮುಚ್ಚಿಡಿ. ಹಳೇ ಕಂಪ್ಯೂಟರಿನ ಫ್ಯಾನನ್ನು 5 ವೋಲ್ಟ್ ಚಾರ್ಜರ್‌ಗೆ ಹಾಕಿದೆವು. ನಿಧಾನಕ್ಕೆ ತಿರುಗಿತು, ಸಸಿಗಳು ಸಣ್ಣಗೆ ತಲೆಯಾಡಿಸೋಷ್ಟು ಗಾಳಿ. ಅಷ್ಟು ಸಾಕು.

ನೀರು ಯಾವಾಗ ಅನ್ನೋದಕ್ಕೆ ನಮ್ಮ ಎಲೆಕ್ಟ್ರಾನಿಕ್ಸ್ ಮಿತ್ರರು ಆರ್ಡುಯಿನೋ ಹಿಡ್ಕೊಂಡು ಬಂದರು. ಪಾಪ, ಡಿಎಚ್‌ಟಿ11 ಸೆನ್ಸರ್ ಅಳೆಯೋದು 90 ಶೇಕಡಾವರೆಗೆ, ಅದೂ 5 ಹೆಚ್ಚುಕಡಿಮೆ. ನಮಗೆ ಗೊತ್ತಾಗಬೇಕಿದ್ದ ಕಡೆಯೇ ಅದು ಕುರುಡು. ಕೊನೆಗೆ ಅಡುಗೆ ತಕ್ಕಡಿ ಕೆಲಸಕ್ಕೆ ಬಂತು. ನೆನೆಸಿ ಸೋರಿಸಿದ ಕಪ್ಪಿನ ತೂಕ ಬರೆದಿಟ್ಟುಕೊಂಡೆವು. ಮೇಲ್ಮೈ ಬಣ್ಣ ತಿಳಿಯಾಗಿ ಕಪ್ಪು ಹಗುರ ಆದಾಗ ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಕುಡಿಸಿದೆವು, ಹದಿನೈದು ನಿಮಿಷ ಬಿಟ್ಟು ತಟ್ಟೆಯಲ್ಲಿ ಉಳಿದಿದ್ದನ್ನು ಚೆಲ್ಲಿದೆವು. ವಾರ ಕಳೆದ ಮೇಲೆ ತಕ್ಕಡಿಯೂ ಬೇಕಾಗಲಿಲ್ಲ, ಎತ್ತಿದರೆ ಕೈಗೇ ಗೊತ್ತಾಗುತ್ತೆ.

ಈ ಸಲವೂ ಮೂರು ಮಲಗಿದವು. ಅವನ್ನು ಕಪ್ಪು, ಕೊಕೊಪೀಟ್ ಸಮೇತ ಎಸೆದೆವು, ಆ ಕೊಕೊಪೀಟನ್ನು ಮತ್ತೆ ಬೀಜಕ್ಕೆ ಬಳಸಬಾರದು. ಉಳಿದವಕ್ಕೆ ಈಗ 22 ದಿನ. ದಿನಾ ಒಂದೊಂದು ಗಂಟೆ ಹೆಚ್ಚಿಸಿ ತಾರಸಿಯ ಬಿಸಿಲು ತೋರಿಸ್ತಾ ಇದ್ದೀವಿ. ಭಾನುವಾರ ಗ್ರೋ ಬ್ಯಾಗಿಗೆ. ಹೆಚ್ಚಾಗಿರೋ ಸಸಿ ಯಾರಿಗೆ ಬೇಕೋ ಬಂದು ತಗೊಂಡು ಹೋಗಿ, ಕಪ್ಪು ಮಾತ್ರ ವಾಪಸ್ ಕೊಡಿ.