ಹೊನಗೊನ್ನೆಯೋ, ಹೊರನಾಡಿನ ಕಳೆಯೋ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಮನೆಗಳಲ್ಲಿ ರಾಗಿಮುದ್ದೆಗೆ ಸೊಪ್ಪಿನ ಸಾರು ಜೊತೆಯಾಗಿ ಬಂದಿದೆ. ಕೆರೆಯಂಗಳದಲ್ಲಿಯೂ ತೋಟದ ಕಾಲುವೆಯ ಬದಿಯಲ್ಲಿಯೂ ತಾನಾಗಿ ಬೆಳೆಯುವ ಹೊನಗೊನ್ನೆ ಸೊಪ್ಪು ಕಣ್ಣಿಗೆ ಹಿತವೆಂಬುದು ನಮ್ಮ ಹಿರಿಯರ ನಂಬಿಕೆ. ಆಯುರ್ವೇದದಲ್ಲಿ ಇದಕ್ಕೆ ಮತ್ಸ್ಯಾಕ್ಷಿ ಎಂಬ ಹೆಸರುಂಟು.

ಇದೇ ಕುಲಕ್ಕೆ ಸೇರಿದ ಇನ್ನೊಂದು ಸಸ್ಯವಿದೆ. ದಕ್ಷಿಣ ಅಮೆರಿಕ ಮೂಲದ ಅದನ್ನು ಅಲಿಗೇಟರ್ ಕಳೆ ಎನ್ನುತ್ತಾರೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಂತಹ ಕೊಳಚೆ ಸೇರುವ ನೀರಿನಲ್ಲಿ ಅದು ದಟ್ಟವಾಗಿ ಹಬ್ಬಿತ್ತು. ನೋಡಲು ಹೊನಗೊನ್ನೆಯಂತೆಯೇ ಇರುವುದರಿಂದ ತಿಳಿಯದೆ ಕೊಯ್ದು ಅಡುಗೆಗೆ ಬಳಸುವವರುಂಟು. ಈ ಭ್ರಮೆ ನಮ್ಮಲ್ಲಿ ಮಾತ್ರವಲ್ಲ. ಆಸ್ಟ್ರೇಲಿಯದಲ್ಲಿ ನೆಲೆಸಿದ ಶ್ರೀಲಂಕಾದ ಕುಟುಂಬಗಳು, ತಮ್ಮ ನಾಡಿನಲ್ಲಿ ಮುಕುಣುವೆನ್ನ ಎನ್ನಿಸಿಕೊಳ್ಳುವ ಹೊನಗೊನ್ನೆಯೆಂದೇ ಭಾವಿಸಿ ಈ ಕಳೆಯನ್ನು ಹಿತ್ತಲುಗಳಲ್ಲಿ ಬೆಳೆಸಿದ್ದು 1990ರ ದಶಕದಲ್ಲಿ ಬೆಳಕಿಗೆ ಬಂದಿತು.

ಗುರುತಿಸುವುದು ಹೇಗೆ? ಹೂವೇ ಮುಖ್ಯ ಸಾಕ್ಷಿ. ಹೊನಗೊನ್ನೆಯ ಸಣ್ಣ ಬಿಳಿ ಹೂಗೊಂಚಲು ತೊಟ್ಟಿಲ್ಲದೆ ಎಲೆಯ ಬುಡಕ್ಕೆ ಅಂಟಿಕೊಂಡಿರುತ್ತದೆ. ಕಳೆಯ ಹೂವು ಅದಕ್ಕಿಂತ ದೊಡ್ಡದು. ಬಿಳಿಯ ಕಾಗದದ ಚೆಂಡಿನಂತೆ ಉದ್ದನೆಯ ತೊಟ್ಟಿನ ತುದಿಯಲ್ಲಿ ನಿಲ್ಲುತ್ತದೆ. ಕಳೆಯ ದಂಟು ಸಾಮಾನ್ಯವಾಗಿ ದಪ್ಪ, ಒಳಗೆ ಟೊಳ್ಳು; ನೀರಿನ ಮೇಲೆ ಚಾಪೆಯಂತೆ ಹರಡುತ್ತದೆ. ಹೂವಿಲ್ಲದಿದ್ದರೆ ಬಲ್ಲವರಿಗೂ ಸಂಶಯವಾಗಬಹುದು. ಸಂಶಯವಿದ್ದಲ್ಲಿ ಕೊಯ್ಯದಿರುವುದೇ ಲೇಸು.

ಅಪಾಯವಿರುವುದು ಹೆಚ್ಚಾಗಿ ನೀರಿನಲ್ಲಿ. ಕೊಳಚೆಯಲ್ಲಿ ಬೆಳೆದ ಸಸ್ಯವು ಸೀಸ, ಕ್ಯಾಡ್ಮಿಯಂಗಳಂತಹ ಭಾರಲೋಹಗಳನ್ನು ಹೀರಿ ತನ್ನಲ್ಲಿ ಸಂಗ್ರಹಿಸಿಕೊಳ್ಳುತ್ತದೆ. ತೊಳೆದರೆ ಮಣ್ಣು ಹೋದೀತು, ಬೇಯಿಸಿದರೆ ರೋಗಾಣು ಸತ್ತೀತು. ಒಡಲೊಳಗೆ ಸೇರಿದ ಲೋಹ ಪೂರ್ತಿಯಾಗಿ ಹೋಗದು. ದೀರ್ಘಕಾಲ ದೇಹ ಸೇರಿದರೆ ಅದು ಮೂತ್ರಪಿಂಡಕ್ಕೂ ಮಕ್ಕಳ ಮಿದುಳಿನ ಬೆಳವಣಿಗೆಗೂ ಮಾರಕ. ಕೊಳಚೆಯಲ್ಲಿ ಬೆಳೆದರೆ ನಿಜವಾದ ಹೊನಗೊನ್ನೆಗೂ ಈ ದೋಷ ತಪ್ಪಿದ್ದಲ್ಲ. ಆದುದರಿಂದ ಸೊಪ್ಪು ಯಾವುದೆಂದು ಕೇಳುವಂತೆಯೇ, ಯಾವ ನೀರಿನದೆಂದೂ ಕೇಳಬೇಕು.

ಈ ಕಳೆ ದಂಟಿನ ತುಂಡಿನಿಂದಲೇ ಚಿಗುರುತ್ತದೆ, ಹರಿಯುವ ನೀರಿನೊಡನೆ ಊರೂರಿಗೆ ಸಾಗುತ್ತದೆ. 1933ರ ಬಳಿಕ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದುದನ್ನು ಕಂಡು ಹಿಗ್ಗಿದವರು ನಾವು. ಅಂತಹ ನೀರಿಗೆ ಕಳೆ ಸೇರದಂತೆ ಕಾಯುವ ಹೊಣೆಯೂ ನಮ್ಮದೇ. ಕಿತ್ತ ಕಳೆಯನ್ನು ಕಾಲುವೆಗೆ ಎಸೆಯದೆ, ನೀರಿನಿಂದ ದೂರ ಒಯ್ದು ಬಿಸಿಲಿನಲ್ಲಿ ಪೂರ್ಣ ಒಣಗಿಸಬೇಕು.

ಗುರುತು ಬಲ್ಲವರಿಂದ ಹೊನಗೊನ್ನೆಯ ನಾಲ್ಕು ಕಡ್ಡಿ ತಂದು ಹಿತ್ತಲಿನಲ್ಲಿ ನೆಟ್ಟು, ಶುದ್ಧ ನೀರೆರೆದರೆ ಮನೆಗೆ ಸಾಕಾಗುವಷ್ಟು ಸೊಪ್ಪು ದೊರೆಯುತ್ತದೆ. ದಾಸೋಹಕ್ಕೆ ಸೊಪ್ಪು ತರುವ ಸದ್ಭಕ್ತರೂ ಈ ಎಚ್ಚರವನ್ನು ಪಾಲಿಸಲಿ. ನಾವು ನೀಡುವ ತುತ್ತು ಉಣ್ಣುವವರ ಆರೋಗ್ಯವನ್ನು ಕಾಯುವಂತಿರಲಿ.