ಹೂವು ಒಂದು, ಮನೆ ಎರಡು

ನಾರದ ತಂದದ್ದು ಒಂದೇ ಪಾರಿಜಾತ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಟ್ಟ, ಸುದ್ದಿ ಸತ್ಯಭಾಮೆಯ ಮನೆ ಮುಟ್ಟಿತು, ಅಲ್ಲಿಗೆ ಅವನ ನೆಮ್ಮದಿ ಮುಗಿಯಿತು. ಇಷ್ಟೇ ಕತೆಯನ್ನಿಟ್ಟುಕೊಂಡು ಬೆಳಗಾವಿ, ಬಾಗಲಕೋಟೆ ಸೀಮೆಯ ಮೇಳಗಳು ಇಡೀ ರಾತ್ರಿ ಜನರನ್ನು ಗುಡಿ ಮುಂದೆ ಕೂಡಿಸಿ ನಗಿಸಿವೆ. ಅದೇ ‘ಶ್ರೀಕೃಷ್ಣ ಪಾರಿಜಾತ’.

ಈ ಆಟದ ತವರು ಕುಲಗೋಡ. ಹಿಂದೆ ಗೋಕಾಕ ತಾಲೂಕಿನಲ್ಲಿದ್ದ ಊರು, ಈಗ ಮೂಡಲಗಿಗೆ ಸೇರಿದೆ. ಕತೆಯನ್ನು ಮೊದಲು ಹಾಡಾಗಿ ಕಟ್ಟಿದವರು ಅಪರಾಳ ತಮ್ಮಣ್ಣ. ತಿದ್ದಿ, ಬೆಳೆಸಿ, ರಂಗಕ್ಕೆ ಒಗ್ಗಿಸಿದವರು ಕುಲಗೋಡ ತಮ್ಮಣ್ಣ. ಕೂಚಿಪುಡಿಯ ‘ಭಾಮಾಕಲಾಪ’ದಲ್ಲೂ ಮುನಿಯುವವಳು ಇದೇ ಸತ್ಯಭಾಮೆ.

ಹಾಡು, ಪ್ರೇಮ, ನಗೆ ಮೂರನ್ನೂ ಬೆರೆಸುವ ವಿದ್ಯೆ ಹಾಲಿವುಡ್‌ಗೂ ಗೊತ್ತಿತ್ತು. 1935ರ ‘ಟಾಪ್ ಹ್ಯಾಟ್’ನಲ್ಲಿ ಜಿಂಜರ್ ರಾಜರ್ಸ್‌ಳ ನಾಯಕಿ, ತನ್ನ ಹಿಂದೆ ಬಿದ್ದ ಫ್ರೆಡ್ ಅಸ್ಟೇರ್ ಗೆಳತಿಯ ಗಂಡನೇ ಇರಬೇಕೆಂದು ತಿಳಿದು ಸಿಡಿಯುತ್ತಾಳೆ. ತಪ್ಪು ತಿಳಿವಳಿಕೆ ಕಳೆದರೆ ಸಿಟ್ಟೂ ಇಳಿಯುತ್ತದೆ. ಭಾಮೆಯ ಸಿಟ್ಟು ಅಂಥದಲ್ಲ. ಹೂವು ನಿಜಕ್ಕೂ ಸವತಿಯ ಮುಡಿ ಸೇರಿದೆ! ತಪ್ಪಿತಸ್ಥ ದೇವರೇ. ಪಾರಿಜಾತದ ನಗೆಗೆ ಖಾರ ಹೆಚ್ಚಾಗಿರುವುದು ಇದರಿಂದಲೇ.

ಆ ಖಾರ ಅರೆಯುವವಳು ದೂತಿ. ಭಾಮೆಯ ದೂರು ಹೊತ್ತು ಕೃಷ್ಣನ ಬಳಿ ಹೋಗುವ ಇವಳಿಗೆ ದೇವರೆಂಬ ಅಂಜಿಕೆಯಿಲ್ಲ. ಮೇಳದ ಭಾಗವತ ಕೆಣಕುತ್ತಾನೆ, ಇವಳು ಸಂತೆಪೇಟೆಯ ಮಾತಿನಲ್ಲೇ ತಿರುಗಿಸಿ ಕೊಡುತ್ತಾಳೆ. ಹಾಡು ತಮ್ಮಣ್ಣಂದಿರದು, ಮಾತು ಆ ರಾತ್ರಿಯದು. ಊರಿನ ಸುದ್ದಿ, ಗಂಡ-ಹೆಂಡಿರ ತಕರಾರು ಎಲ್ಲವೂ ದ್ವಾರಕೆಯೊಳಗೆ ನುಸುಳುತ್ತವೆ. ಹಾರ್ಮೋನಿಯಂ, ತಬಲಾ ಮತ್ತೆ ಎತ್ತಿಕೊಂಡಾಗಲೇ ಕತೆ ದಾರಿಗೆ ಬರುವುದು. ನಡುವೆ ಕಣಿ ಹೇಳುವ ಕೊರವಂಜಿಯೂ ಬಂದು ಹೋಗುತ್ತಾಳೆ.

ದೊಡ್ಡಾಟದ ಭಾರದ ಕಿರೀಟ, ಭುಜಕೀರ್ತಿ, ಯುದ್ಧದ ಅಬ್ಬರ ಇದಕ್ಕೆ ಬೇಡ. ಇದು ಸಣ್ಣಾಟದ ಬಳಗ. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಕಾಲವನ್ನು ದಾಟಿ ಈ ರಂಗದಲ್ಲಿ ದೊಡ್ಡ ಹೆಸರು ಮಾಡಿದ ಹೆಂಗಸು ಕೌಜಲಗಿ ನಿಂಗಮ್ಮ.

ಗೋಕಾಕದ ಪಕ್ಕದ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ನಾಟಕಕಾರ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಸಂಶೋಧನೆಗೆ ಆರಿಸಿಕೊಂಡರು. ಅವರ ‘ಜೋಕುಮಾರಸ್ವಾಮಿ’ ನಾಟಕದ ಹಾಡು-ಮಾತಿನ ಹದ ಇಂಥ ಆಟಗಳಿಂದಲೇ ಬಂದದ್ದು.

ಯಾವುದಾದರೂ ಜಾತ್ರೆಯಲ್ಲಿ ಪಾರಿಜಾತ ನೋಡಲು ಸಿಕ್ಕರೆ, ದೂತಿ ಬರುವ ಹೊತ್ತಿಗೆ ಮಾತ್ರ ಚಹಾ ಕುಡಿಯಲು ಎದ್ದು ಹೋಗಬೇಡಿ.