ಮೂತ್ರಾಘಾತವೂ ಪೌರುಷಗ್ರಂಥಿಯ ವೃದ್ಧಿಯೂ

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ 58ನೆಯ ಅಧ್ಯಾಯವು ಮೂತ್ರಾಘಾತಗಳನ್ನು ಕುರಿತದ್ದು. ಮೂತ್ರವು ತಡೆಯುವ ಅಥವಾ ಕೆಡುವ ಹನ್ನೆರಡು ಬಗೆಗಳನ್ನು ಅಲ್ಲಿ ಎಣಿಸಿದೆ. ಚರಕಸಂಹಿತೆಯ ಸಿದ್ಧಿಸ್ಥಾನದ 9ನೆಯ ಅಧ್ಯಾಯದಲ್ಲಿ ಈ ಎಣಿಕೆಯು ಹದಿಮೂರಾಗಿದೆ. ಮುಪ್ಪಿನ ಗಂಡಸರನ್ನು ಕಾಡುವ, ಈಗಿನ ವೈದ್ಯರು ಪ್ರಾಸ್ಟೇಟ್ ವೃದ್ಧಿಯೆಂದು ಕರೆಯುವ ಬೇನೆಯು ಈ ಪಟ್ಟಿಯಲ್ಲಿ ಯಾವುದು ಎಂಬ ಪ್ರಶ್ನೆಗೆ ಇತ್ತೀಚಿನ ಬರೆಹಗಾರರಲ್ಲಿ ಬಹುಮಂದಿ 'ವಾತಾಷ್ಠೀಲೆ' ಎಂದು ಒಂದೇ ಮಾತಿನ ಉತ್ತರವನ್ನು ಕೊಟ್ಟುಬಿಡುತ್ತಾರೆ. ಪಾಠ್ಯಪುಸ್ತಕಗಳಿಗೂ ನಿಘಂಟುಗಳಿಗೂ ಈ ಸಮೀಕರಣವು ಹಬ್ಬುತ್ತಿರುವುದರಿಂದ ಮೂಲವನ್ನು ಒಮ್ಮೆ ತೂಗಿ ನೋಡುವುದು ಯುಕ್ತವಾಗಿದೆ. ಇದು ಬರಿಯ ಶಬ್ದದ ಜಗಳವಲ್ಲ. ರೋಗದ ಹೆಸರು ತಪ್ಪಿದಲ್ಲಿ ಮದ್ದೂ ತಪ್ಪುವುದು.

ಅಷ್ಠೀಲೆಯೆಂದರೆ ದುಂಡುಕಲ್ಲು. ಮಲಮಾರ್ಗಕ್ಕೂ ಬಸ್ತಿಗೂ ನಡುವೆ ವಾಯುವು ಸೇರಿಕೊಂಡು, ಕಲ್ಲಿನಂತೆ ಗಟ್ಟಿಯಾದ, ಅಲುಗದ, ಎತ್ತರವಾದ ಗಂಟನ್ನು ಮಾಡುವುದೆಂದು ಸುಶ್ರುತನ ಮತ. ಸ್ಥಾನನಿರ್ದೇಶವು ಅಚ್ಚರಿಗೊಳಿಸುವಷ್ಟು ಹೊಂದುತ್ತದೆ. ಪ್ರಾಸ್ಟೇಟ್ ಗ್ರಂಥಿಯು ಇರುವುದು ಮೂತ್ರಕೋಶದ ಕೆಳಗೆ, ಗುದದ ಮುಂಭಾಗದಲ್ಲಿಯೆ. ಆದರೆ ಚರಕನಲ್ಲಿ ಇದೇ ಗಂಟು ಚಲಿಸತಕ್ಕದ್ದೆಂದು ಹೇಳಲ್ಪಟ್ಟಿದೆ. 'ಅಚಲ' 'ಚಲ' ಎಂಬ ಒಂದಕ್ಷರದ ಭೇದದಲ್ಲಿ ರೋಗವೇ ಬೇರೆಯಾಗಿಬಿಡುವುದು. ಚಲಿಸುವ ಗಂಟು ಪ್ರಾಸ್ಟೇಟ್ ಆಗಲಾರದು. ಅಲ್ಲದೆ ಸುಶ್ರುತನೇ ಹೇಳುವ ಹೊಟ್ಟೆಯುಬ್ಬರ, ಮಲ ಮತ್ತು ವಾಯುಗಳ ತಡೆ ಎಂಬ ಲಕ್ಷಣಗಳು ಈ ಗ್ರಂಥಿಯ ವೃದ್ಧಿಯಲ್ಲಿ ಮುಖ್ಯವಾದುವಲ್ಲ.

ಅದೇ ಅಧ್ಯಾಯದ 'ಮೂತ್ರಗ್ರಂಥಿ'ಯು ಇದಕ್ಕಿಂತ ಹತ್ತಿರವಾಗಿದೆ. ಬಸ್ತಿಯ ಬಾಯಿಯ ಒಳಭಾಗದಲ್ಲಿ ದುಂಡಾದ, ಸಣ್ಣದಾದ, ಸ್ಥಿರವಾದ ಗಂಟು ಹುಟ್ಟಿ ಮೂತ್ರದ ದಾರಿಯನ್ನು ಕಟ್ಟುವುದು. ಇಲ್ಲಿಯೂ ಒಂದು ತೊಡಕುಂಟು: ಅದು ಥಟ್ಟನೆ ಹುಟ್ಟುವುದೆಂದಿದೆ, ಈ ಗ್ರಂಥಿಯಾದರೋ ವರ್ಷಗಟ್ಟಲೆ ಮೆಲ್ಲನೆ ಬೆಳೆಯತಕ್ಕದ್ದು. ಬೆಳೆದದ್ದು ಕಾಣದೆ, ಒಂದು ರಾತ್ರಿ ಹಠಾತ್ತನೆ ಮೂತ್ರ ಕಟ್ಟಿದಾಗ ಮಾತ್ರ ರೋಗವು ಕಣ್ಣಿಗೆ ಬಿದ್ದಿತೆಂದು ಭಾವಿಸಿದರೆ ಆ ಮಾತನ್ನು ಸಮರ್ಥಿಸಬಹುದು. ಇನ್ನು, ಬಹಳ ಹೊತ್ತು ತಡೆದ ಮೂತ್ರವು ಮೆಲ್ಲಮೆಲ್ಲನೆ ಹೊರಡುವ ಮೂತ್ರಾತೀತ, ತಡೆದು ತಡೆದು ಸ್ವಲ್ಪಸ್ವಲ್ಪವಾಗಿ ಬರುವ ಮೂತ್ರೋತ್ಸಂಗ, ಕೆಳಹೊಟ್ಟೆಯು ತುಂಬಿ ಉಬ್ಬುವ ಮೂತ್ರಜಠರ, ಇವೆಲ್ಲವೂ ಪ್ರಾಸ್ಟೇಟ್ ರೋಗಿಯ ಬೇರೆ ಬೇರೆ ಅವಸ್ಥೆಗಳೇ ಆಗಿವೆ. ಆದುದರಿಂದ ಪ್ರಾಚೀನರು ಲಕ್ಷಣಗಳನ್ನು ಕಂಡು ವಿಂಗಡಿಸಿದರು, ನವೀನರು ಅಂಗವನ್ನು ಕಂಡು ಒಂದುಗೂಡಿಸಿದರು ಎನ್ನುವುದೇ ನ್ಯಾಯವಾದುದು. ಒಂದರ ಹೆಸರನ್ನು ಮತ್ತೊಂದರ ಮೇಲೆ ಹೊರಿಸುವುದು ಇಬ್ಬರಿಗೂ ಮಾಡುವ ಅಪಚಾರ.

ಪ್ರಾಸ್ಟೇಟ್ ಎಂಬುದು ಗ್ರೀಕ್ ಶಬ್ದ. 'ಮುಂದೆ ನಿಂತವನು' ಎಂದು ಅರ್ಥ. ಹಿಂದೀ ಗ್ರಂಥಗಳಲ್ಲಿ ಬಳಕೆಯಲ್ಲಿರುವ 'ಪೌರುಷಗ್ರಂಥಿ' ಎಂಬ ಮಾತು ಕನ್ನಡದ ಬಾಯಿಗೂ ಒಗ್ಗುವಂಥದು. ತಾರುಣ್ಯದಲ್ಲಿ ಇದು ಒಂದು ಅಕ್ರೋಟಿನಷ್ಟಿದ್ದು ಸುಮಾರು 20 ಗ್ರಾಂ ತೂಗುವುದು. ಮೂತ್ರನಾಳವು ಇದರ ನಡುವೆ ತೂರಿ ಹೋಗುತ್ತದೆ. ನಾಳವನ್ನು ಸುತ್ತಿದ ಒಳಭಾಗವೇ ಬೆಳೆಯುವುದರಿಂದ, ಗ್ರಂಥಿಯು ಅಷ್ಟೇನೂ ದೊಡ್ಡದಲ್ಲದಿದ್ದರೂ ದಾರಿಯು ಇಕ್ಕಟ್ಟಾಗಬಹುದು. ಬಹಳ ದೊಡ್ಡದಾಗಿದ್ದರೂ ಬಾಧೆಯಿಲ್ಲದೆ ಇರಬಹುದು. ಗಾತ್ರಕ್ಕೂ ಬಾಧೆಗೂ ನೇರವಾದ ಲೆಕ್ಕವಿಲ್ಲ. ಈ ವೃದ್ಧಿಯು ಅರ್ಬುದವಲ್ಲ, ಅರ್ಬುದವಾಗಿ ಮಾರ್ಪಡುವುದೂ ಇಲ್ಲ. ಆದರೆ ಎರಡೂ ಒಬ್ಬನಲ್ಲಿಯೇ ಇರುವುದು ಸಾಧ್ಯವಾದುದರಿಂದ ವೈದ್ಯನು ಪರೀಕ್ಷಿಸಿ ನೋಡತಕ್ಕದ್ದು.

ಬಾಧೆಯನ್ನು ಅಳೆಯಲು ಏಳು ಪ್ರಶ್ನೆಗಳ ಒಂದು ಪಟ್ಟಿಯು ಎಲ್ಲ ದೇಶಗಳಲ್ಲಿಯೂ ಬಳಕೆಯಲ್ಲಿದೆ. ರಾತ್ರಿ ಎಷ್ಟು ಸಲ ಏಳಬೇಕಾಗುವುದು, ಧಾರೆಯು ಕ್ಷೀಣವೇ, ಮುಕ್ಕಬೇಕೇ ಎಂಬ ಬಗೆಯ ಪ್ರಶ್ನೆಗಳಿಗೆ ಸೊನ್ನೆಯಿಂದ ಐದರವರೆಗೆ ಅಂಕಗಳು. ಒಟ್ಟು 7ರ ಒಳಗಾದರೆ ಅಲ್ಪ, 8ರಿಂದ 19ರವರೆಗೆ ಮಧ್ಯಮ, 20 ಮತ್ತು ಅದಕ್ಕೆ ಮೇಲ್ಪಟ್ಟರೆ ತೀವ್ರ. ಅಲ್ಪಬಾಧೆಯವರಿಗೆ ಔಷಧವೇ ಬೇಡ. ಸಂಜೆಯ ಮೇಲೆ ನೀರು, ಕಾಫಿಗಳನ್ನು ಮಿತಗೊಳಿಸಿ, ವರ್ಷಕ್ಕೊಮ್ಮೆ ತೋರಿಸಿಕೊಂಡರೆ ಸಾಕು. ನೆಗಡಿಗೆಂದು ಅಂಗಡಿಯಲ್ಲಿ ಕೊಂಡು ನುಂಗುವ ಕೆಲವು ಮಾತ್ರೆಗಳು ಮೂತ್ರವನ್ನು ಪೂರಾ ಕಟ್ಟಿಸಿಬಿಡುವುದುಂಟೆಂಬುದನ್ನು ಮಾತ್ರ ಇಂಥವರು ಮರೆಯಕೂಡದು. ಬಾಧೆಯನ್ನು ಮುಪ್ಪಿನ ಸಹಜಧರ್ಮವೆಂದು ಬಚ್ಚಿಡುವ ನಾಚಿಕೆಯು ನಮ್ಮ ಹಿರಿಯರಲ್ಲಿ ಬಲವಾಗಿದೆ. ನೋವಿಲ್ಲದೆಯೇ ಮೂತ್ರವು ಉಳಿದುಳಿದು, ಮೂತ್ರಪಿಂಡಗಳೇ ಕೆಡುವ ಪ್ರಸಂಗಗಳು ಇರುವಲ್ಲಿ ಈ ನಾಚಿಕೆಯ ಬೆಲೆ ಸಣ್ಣದಲ್ಲ.

ಮೂತ್ರವು ಪೂರ್ತಿಯಾಗಿ ಕಟ್ಟಿದಾಗ ನಳಿಗೆಯನ್ನು ಹಾಕಿ ಬಿಡಿಸುವುದೇ ತತ್ಕಾಲದ ಉಪಾಯ. ಇಲ್ಲಿ ಸುಶ್ರುತನ ಉತ್ತರಬಸ್ತಿಯ ನೇತ್ರವು ನೆನಪಿಗೆ ಬರುವುದು ಸಹಜ. ರೋಗಿಯ ಬೆರಳಳತೆಯಲ್ಲಿ ಹದಿನಾಲ್ಕು ಅಂಗುಲ ಉದ್ದ, ತುದಿಯು ಮಾಲತೀಪುಷ್ಪದ ತೊಟ್ಟಿನಷ್ಟು, ರಂಧ್ರವು ಸಾಸಿವೆಯ ಕಾಳು ಹಾಯುವಷ್ಟು ಎಂದು ಚಿಕಿತ್ಸಾಸ್ಥಾನದಲ್ಲಿ ವಿಧಿಸಿದೆ. ಅದು ಔಷಧವನ್ನು ಒಳಕ್ಕೆ ಸೇರಿಸುವ ಸಾಧನವೇ ಹೊರತು ಮೂತ್ರವನ್ನು ಹೊರಕ್ಕೆ ತೆಗೆಯುವುದಲ್ಲವೆಂಬ ಭೇದವನ್ನು ಉತ್ಸಾಹಿಗಳು ಮರೆಯುವುದುಂಟು.

ಮಧ್ಯಮಬಾಧೆಗೆ ಈಗ ಎರಡು ಬಗೆಯ ಔಷಧಗಳಿವೆ. ಟ್ಯಾಮ್ಸುಲೋಸಿನ್ ಮೊದಲಾದುವು ಬಸ್ತಿಯ ಕೊರಳಿನ ಸ್ನಾಯುಗಳನ್ನು ಸಡಿಲಿಸುತ್ತವೆ. ಕೆಲವೇ ದಿನಗಳಲ್ಲಿ ಗುಣವು ತೋರುವುದು, ಆದರೆ ಗ್ರಂಥಿಯು ಕುಗ್ಗದು. ಎದ್ದು ನಿಂತಾಗ ತಲೆ ತಿರುಗಬಹುದು. ಕಣ್ಣಿನ ಪೊರೆಯನ್ನು ತೆಗೆಸಿಕೊಳ್ಳುವವರು ಈ ಮಾತ್ರೆಯ ವಿಷಯವನ್ನು ನೇತ್ರವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಶಸ್ತ್ರಕ್ರಿಯೆಯ ನಡುವೆ ಕಣ್ಣಿನ ಪಾಪೆಯ ಪರದೆಯು ಸಡಿಲಾಗಿ ತೊಂದರೆಯಾಗುವುದೆಂದು 2005ರಲ್ಲಿ ಪ್ರಕಟವಾಯಿತು.

ಎರಡನೆಯ ಬಗೆಯ ಕಥೆ ಹೆಚ್ಚು ಸ್ವಾರಸ್ಯವಾದುದು. ವೃಷಣವಿಲ್ಲದವನಲ್ಲಿ ಈ ಗ್ರಂಥಿಯು ಬೆಳೆಯದೆಂಬುದನ್ನು ಆಧರಿಸಿ 1890ರ ದಶಕದಲ್ಲಿ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ವೈಟ್ ಎಂಬಾತನು ವೃದ್ಧರ ವೃಷಣಗಳನ್ನೇ ತೆಗೆಯುವ ಚಿಕಿತ್ಸೆಯನ್ನು ಸೂಚಿಸಿದನು. ಆ ಕ್ರೂರಮಾರ್ಗವು ಬೇಗನೆ ಬಿಟ್ಟುಹೋಯಿತು. 1974ರಲ್ಲಿ ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳಲ್ಲಿ, ಪುರುಷರಸವನ್ನು ಪ್ರಬಲವಾದ ಮತ್ತೊಂದು ರೂಪಕ್ಕೆ ತಿರುಗಿಸುವ ಕಿಣ್ವವೊಂದು ಹುಟ್ಟಿನಿಂದಲೇ ಕೊರತೆಯಾಗಿರುವುದನ್ನು ಜೂಲಿಯನ್ ಇಂಪೆರಾಟೊ–ಮೆಕ್‌ಗಿನ್ಲಿ ಮತ್ತು ಅವರ ಸಂಗಡಿಗರು ವರದಿಮಾಡಿದರು. ಅಂಥವರಲ್ಲಿ ಪ್ರಾಸ್ಟೇಟ್ ಸಣ್ಣದಾಗಿಯೇ ಉಳಿದಿತ್ತು. ಆ ಕಿಣ್ವವನ್ನು ಮಾತ್ರ ತಡೆಯುವ ಫಿನಾಸ್ಟರೈಡ್ 1992ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತು. ಇದು ದೊಡ್ಡ ಗ್ರಂಥಿಗಳಲ್ಲಿಯೇ ಫಲಕಾರಿ. ಆರು ತಿಂಗಳಾದರೂ ಕಾಯಬೇಕು. ಕೆಲವರಲ್ಲಿ ಕಾಮಶಕ್ತಿಯು ಕುಂದುವುದು. ಅರ್ಬುದದ ಸಂಶಯಕ್ಕಾಗಿ ರಕ್ತದಲ್ಲಿ ನೋಡುವ ಪಿ.ಎಸ್.ಎ. ಅಂಕವನ್ನು ಇದು ಅರ್ಧಕ್ಕೆ ಇಳಿಸುವುದರಿಂದ, ಅರಿಯದ ವೈದ್ಯನು ಮೋಸಹೋಗಬಹುದು. ಎರಡು ಬಗೆಗಳನ್ನೂ ಕೂಡಿಸಿ ಕೊಟ್ಟರೆ ಹೇಗೆಂಬುದನ್ನು 3,047 ಪುರುಷರಲ್ಲಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಲಾಯಿತು. ರೋಗವು ಮುಂದುವರಿಯುವ ಭಯವು ಮೊದಲ ಬಗೆಯ ಡಾಕ್ಸಜೋಸಿನ್ ಒಂದರಿಂದ ನೂರಕ್ಕೆ 39ರಷ್ಟು, ಫಿನಾಸ್ಟರೈಡ್ ಒಂದರಿಂದ 34ರಷ್ಟು, ಎರಡರಿಂದ 66ರಷ್ಟು ತಗ್ಗಿತು.

ನೆಗ್ಗಿಲು, ವರುಣ, ಕೊಮ್ಮೆ, ಶಿಲಾಜತುಗಳನ್ನು ಮೂತ್ರರೋಗಗಳಲ್ಲಿ ನಮ್ಮ ವೈದ್ಯರು ಹಿಂದಿನಿಂದಲೂ ಕೊಡುತ್ತ ಬಂದಿದ್ದಾರೆ. ಅವನ್ನು ಹಳಿಯಲು ಕಾರಣವಿಲ್ಲ. ಆದರೆ ಮೇಲಣ ಔಷಧಗಳಷ್ಟು ದೊಡ್ಡ ಪರೀಕ್ಷೆಗೆ ಅವು ಒಳಪಟ್ಟಿಲ್ಲವೆಂಬುದನ್ನೂ ಒಪ್ಪಬೇಕು. ಪಾಶ್ಚಾತ್ಯರ ಮೂಲಿಕೆಗೆ ಆದ ಗತಿಯು ಇಲ್ಲಿ ಗಮನಾರ್ಹ. ಸಾ ಪಾಲ್ಮೆಟೊ ಎಂಬ ಗಿಡ್ಡ ತಾಳೆಯ ಹಣ್ಣಿನ ಸಾರವನ್ನು ಲಕ್ಷಾಂತರ ಮಂದಿ ನಂಬಿದ್ದರು. 369 ಪುರುಷರಿಗೆ 72 ವಾರಗಳ ಕಾಲ, ಮೂರು ಪಟ್ಟು ಪ್ರಮಾಣದವರೆಗೆ ಏರಿಸಿ ಕೊಟ್ಟು ನೋಡಿದಾಗ ಅದು ಹುಸಿಮಾತ್ರೆಯನ್ನು ಮೀರಲಿಲ್ಲವೆಂದು 2011ರಲ್ಲಿ ತಿಳಿದುಬಂದಿತು. ಹುಸಿಮಾತ್ರೆಯವರಿಗೂ ಕೊಂಚ ಉಪಶಮನವಾಗಿದ್ದಿತೆಂಬುದು ಮರೆಯತಕ್ಕ ಮಾತಲ್ಲ.

ಶಸ್ತ್ರಕ್ರಿಯೆಯ ಚರಿತ್ರೆಯಲ್ಲಿ ಹಿಂದೂದೇಶದ ನಂಟೂ ಒಂದಿದೆ. ಇಲ್ಲಿಯ ವೈದ್ಯಸೇವೆಯಲ್ಲಿದ್ದು, ರಾಂಪುರದ ನವಾಬನ ಮೂತ್ರದ ಕಲ್ಲನ್ನು ತೆಗೆದು ಒಂದು ಲಕ್ಷ ರೂಪಾಯಿಗಳನ್ನು ಪಡೆದು ಸರಕಾರದೊಡನೆ ವಿವಾದಕ್ಕೆ ಬಿದ್ದ ಐರಿಷ್ ವೈದ್ಯ ಪೀಟರ್ ಫ್ರೆಯರ್ ನಿವೃತ್ತನಾದ ಮೇಲೆ, 1900ರಲ್ಲಿ ಲಂಡನ್ನಿನಲ್ಲಿ ಕೆಳಹೊಟ್ಟೆಯನ್ನು ಸೀಳಿ ಬೆಳೆದ ಭಾಗವನ್ನು ಬೆರಳಿನಿಂದ ಬಿಡಿಸಿ ತೆಗೆಯುವ ಕ್ರಮವನ್ನು ಆರಂಭಿಸಿದನು. ಅಮೆರಿಕದ ಯೂಜೀನ್ ಫುಲ್ಲರ್ ತಾನೇ ಮೊದಲಿಗನೆಂದು ವಾದಿಸಿದನು. 1926ರಲ್ಲಿ ಸ್ಟರ್ನ್ ಕಲ್ಪಿಸಿ, ಮುಂದೆ ಮೆಕಾರ್ಥಿ ತಿದ್ದಿದ ಯಂತ್ರದಿಂದ ಹೊಟ್ಟೆಯನ್ನು ಸೀಳದೆ, ಮೂತ್ರನಾಳದ ಮೂಲಕವೇ ಹೆರೆದು ತೆಗೆಯುವುದು ಸಾಧ್ಯವಾಯಿತು. ಟಿ.ಯು.ಆರ್.ಪಿ. ಎಂಬ ಈ ಕ್ರಮವೇ ಇಂದಿಗೂ ಇತರ ಕ್ರಮಗಳನ್ನು ಅಳೆಯುವ ಒರೆಗಲ್ಲು. 1990ರ ದಶಕದಲ್ಲಿ ನ್ಯೂಜಿಲೆಂಡಿನ ಪೀಟರ್ ಗಿಲ್ಲಿಂಗ್ ಹೋಲ್ಮಿಯಂ ಲೇಸರಿನಿಂದ, ಎಷ್ಟೇ ದೊಡ್ಡ ಗ್ರಂಥಿಯನ್ನಾದರೂ ಅದೇ ದಾರಿಯಲ್ಲಿ ಬಿಡಿಸುವ ವಿಧಾನವನ್ನು ಬೆಳಸಿದನು. ಸಣ್ಣ ಎಳೆಗಳಿಂದ ಗ್ರಂಥಿಯನ್ನು ಬದಿಗೆ ಎಳೆದು ಕಟ್ಟುವುದು, ಬಿಸಿ ಆವಿಯನ್ನು ಹಾಯಿಸಿ ಕುಗ್ಗಿಸುವುದು ಎಂಬ ಲಘುಕ್ರಮಗಳೂ ಈಗ ಇವೆ.

ಇವುಗಳಲ್ಲಿ ಆಯ್ಕೆಯು ಹೇಗೆ? ಹೆರೆದು ತೆಗೆದಲ್ಲಿ ಮೂತ್ರದ ಸುಖವು ಬಹುಕಾಲ ನಿಲ್ಲುವುದು. ಆದರೆ ಹೆಚ್ಚಿನವರಲ್ಲಿ ಶುಕ್ರವು ಹೊರಗೆ ಬಾರದೆ ಬಸ್ತಿಗೇ ಹಿಂತಿರುಗುವುದು. ಲಘುಕ್ರಮಗಳಲ್ಲಿ ಈ ದೋಷವು ಬಹುಮಟ್ಟಿಗೆ ಇಲ್ಲ. ಕೆಲವು ವರ್ಷಗಳಲ್ಲಿ ಮತ್ತೆ ಚಿಕಿತ್ಸೆ ಬೇಕಾಗುವ ಸಂಭವ ಹೆಚ್ಚು. ಅಶ್ಮರಿಯನ್ನು ತೆಗೆಯುವಾಗ ಕಾಪಾಡಬೇಕಾದ ಎಂಟು ಸ್ಥಾನಗಳಲ್ಲಿ ಶುಕ್ರವಹವನ್ನು ಮೂತ್ರವಹದ ಮಗ್ಗುಲಲ್ಲಿಯೇ ಸುಶ್ರುತನು ಎಣಿಸಿದ್ದಾನೆ. ಅದು ಕತ್ತರಿಸಿದರೆ ಮರಣ ಇಲ್ಲವೆ ಕ್ಲೈಬ್ಯವೆಂದೂ ಎಚ್ಚರಿಸಿದ್ದಾನೆ. ಸುಮ್ಮನಿದ್ದರೆ ಸಾವು ನಿಶ್ಚಯ, ಶಸ್ತ್ರವಿಟ್ಟರೆ ಸಂದೇಹ, ಆದುದರಿಂದ ಒಡೆಯನನ್ನು ಕೇಳಿಯೇ ಮಾಡತಕ್ಕದ್ದೆಂಬುದು ಆ ಪ್ರಕರಣದ ವಿಧಿ. ಆ ಒಡೆಯನು ಅಂದು ಅರಸು. ಇಂದು ಒಪ್ಪಿಗೆಯ ಕಾಗದಕ್ಕೆ ರುಜುಹಾಕುವವನು ರೋಗಿಯೇ. ಶುಕ್ರದ ಮಾತನ್ನು ಆತನು ನಾಚಿಕೆಯಿಂದ ಕೇಳದಿದ್ದರೂ ವೈದ್ಯನು ತಾನಾಗಿ ಹೇಳಬೇಕಾಗಿದೆ.